ಮನೆ ಹತ್ತಿರ ಬಾವಲಿ ಇದ್ದರೆ ರೇಬೀಸ್ ಬರುತ್ತದಾ? ಕಾಸರಗೋಡಿನ ತೋಟದ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಗೋಳಿಮರದ ತುಂಬ ಜೋತುಬಿದ್ದ ದೊಡ್ಡ ಬಾವಲಿಗಳು, ಮುಸ್ಸಂಜೆಗೆ ಹೆಂಚಿನ ಸಂದಿಯಿಂದ ಹೊರಡುವ ಸಣ್ಣವು, ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ಕತ್ತಲಲ್ಲಿ ಬಡಿದಾಡುವವು. ಮಂಜೇಶ್ವರ, ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ತೋಟದ ಮನೆಯವರಿಗೆ ಇವು ಹುಟ್ಟಿದಾಗಿನಿಂದ ನೆರೆಯವು. 2018ರಲ್ಲಿ ಕೋಝಿಕ್ಕೋಡ್ ಕಡೆ ನಿಪಾ ಬಂದ ಮೇಲೆ ಬಾವಲಿ ಅಂದರೆ ಜನರಿಗೆ ಒಂದು ಅಳುಕು ಸೇರಿಕೊಂಡಿದೆ. ಅದರ ಜೊತೆಗೆ ರೇಬೀಸ್ ಪ್ರಶ್ನೆಯೂ ಬರುತ್ತದೆ. ಜನ ನಿಜವಾಗಿ ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಎತ್ತಿಕೊಂಡಿದ್ದೇನೆ.

ನಮ್ಮ ಊರಿನ ಬಾವಲಿಯಿಂದ ರೇಬೀಸ್ ಬರುತ್ತದಾ?

ಭಾರತದಲ್ಲಿ ಬಾವಲಿಯಿಂದ ಮನುಷ್ಯರಿಗೆ ರೇಬೀಸ್ ಬಂದಿದೆ ಅಂತ ಖಚಿತವಾಗಿ ಸಾಬೀತಾಗಿಲ್ಲ. ಇಂಟರ್ನೆಟ್ಟಿನಲ್ಲಿ ಓದಿ ಹೆದರುವವರು ಹೆಚ್ಚಾಗಿ ಅಮೆರಿಕದ ವಿಷಯ ಓದಿರುತ್ತಾರೆ. ಅಲ್ಲಿ ಸಾಕುನಾಯಿಗಳಿಗೆಲ್ಲ ಲಸಿಕೆ ಆಗಿ ನಾಯಿಯ ರೇಬೀಸ್ ಹತೋಟಿಗೆ ಬಂದಿದೆ. ಹಾಗಾಗಿ ಮನುಷ್ಯರಿಗೆ ರೇಬೀಸ್ ಬಂದರೆ ಅದು ಬಾವಲಿಯಿಂದಲೇ ಜಾಸ್ತಿ. ರಕ್ತ ಹೀರುವ ಬಾವಲಿ ಇರುವುದೂ ಅಮೆರಿಕ ಖಂಡಗಳಲ್ಲಿ ಮಾತ್ರ, ನಮ್ಮಲ್ಲಿ ಇಲ್ಲವೇ ಇಲ್ಲ. ನಮ್ಮವು ಹೆಚ್ಚಾಗಿ ಒಂದೋ ಹಣ್ಣು ತಿನ್ನುತ್ತವೆ, ಇಲ್ಲ ಹುಳು ಹಿಡಿಯುತ್ತವೆ.

ಹಾಗಂತ ಬಾವಲಿಯನ್ನು ಕೈಯಲ್ಲಿ ಹಿಡಿಯಬಹುದು ಅಂತಲ್ಲ. ರೇಬೀಸ್ ವೈರಸ್ಸಿನ ದಾಯಾದಿಗಳಂಥ ವೈರಸ್‌ಗಳು ಬಾವಲಿಗಳಲ್ಲಿ ಇರುತ್ತವೆ. 1996ರಲ್ಲಿ ಆಸ್ಟ್ರೇಲಿಯದಲ್ಲಿ ಅಂಥದ್ದೊಂದು ಸಿಕ್ಕಿತು, ಅದರಿಂದ ಅಲ್ಲಿ ಜನ ಸತ್ತಿದ್ದಾರೆ. 2015ರಲ್ಲಿ ಶ್ರೀಲಂಕಾದಲ್ಲಿ ಇನ್ನೊಂದು ಸಿಕ್ಕಿತು, ಅದೂ ನಮ್ಮ ಗೋಳಿಮರದಲ್ಲಿ ನೇತಾಡುವ ಅದೇ ಜಾತಿಯ ದೊಡ್ಡ ಬಾವಲಿಯಲ್ಲಿ. ಶ್ರೀಲಂಕಾ ನಮಗೆ ದೂರವೇನಲ್ಲ, ಅಲ್ವಾ? ಅದಕ್ಕೇ ಬಾವಲಿ ಮರದಲ್ಲಿ ಇದ್ದರೆ ಚಿಂತೆ ಬೇಡ, ಕೈಗೆ ಬಂದರೆ ಎಚ್ಚರ ಬೇಕು.

ಹಾಗಾದರೆ ನಿಜವಾದ ಅಪಾಯ ಎಲ್ಲಿದೆ?

ಅಂಗಳದಲ್ಲಿದೆ. ಮನುಷ್ಯರಿಗೆ ಬರುವ ರೇಬೀಸಿನಲ್ಲಿ 99 ಶೇಕಡದವರೆಗೆ ನಾಯಿಯಿಂದ ಬರುವುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲಸಿಕೆ ಇಲ್ಲದ ಮನೆನಾಯಿ, ಬೀದಿನಾಯಿ, ರಾತ್ರಿಯೆಲ್ಲ ಊರು ಸುತ್ತುವ ಬೆಕ್ಕು, ಗುಡ್ಡದ ಕಡೆಯಿಂದ ಬರುವ ನರಿ, ಮುಂಗುಸಿ. ಇವುಗಳನ್ನು ಬಿಟ್ಟು ಬರೀ ಬಾವಲಿಗೆ ಹೆದರಿದರೆ ಹೆದರಿಕೆ ತಪ್ಪು ಜಾಗಕ್ಕೆ ಹೋದಂತೆ. ಗೋಳಿಮರ ಕಡಿಸಲು ಕೂಲಿ ಕೊಡುವವರು ನಾಯಿಗೆ ವರ್ಷಕ್ಕೊಂದು ಇಂಜೆಕ್ಷನ್ ಕೊಡಿಸದೆ ಇರುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ನಮ್ಮ ಬೆಕ್ಕು ಬಾವಲಿ ಹಿಡಿದು ಒಳಗೆ ತಂದಿದೆ. ಏನು ಮಾಡಲಿ?

ಮೊದಲು ಮಕ್ಕಳನ್ನು ಆಚೆ ಕಳಿಸಿ. ಬೆಕ್ಕಿನ ಬಾಯಿಂದ ಬಾವಲಿಯನ್ನು ಕೈ ಹಾಕಿ ಬಿಡಿಸಲು ಹೋಗಬೇಡಿ. ಬೆಕ್ಕೂ ಪರಚುತ್ತದೆ, ಬಾವಲಿಯೂ ಕಚ್ಚುತ್ತದೆ. ಒಂದು ಗೋಣಿಚೀಲ ಬಡಿದು ಸದ್ದು ಮಾಡಿದರೆ ಬೆಕ್ಕು ಸಾಮಾನ್ಯವಾಗಿ ಬಿಟ್ಟು ಓಡುತ್ತದೆ. ಬಾವಲಿ ಸತ್ತಿದ್ದರೆ ದಪ್ಪ ರಬ್ಬರ್ ಗ್ಲೌಸ್ ಹಾಕಿ, ಇಲ್ಲವಾದರೆ ಎರಡು ಪ್ಲಾಸ್ಟಿಕ್ ಚೀಲ ಕೈಗೆ ಸಿಕ್ಕಿಸಿ, ಹಾರೆಯಿಂದ ಎತ್ತಿ ಆಳವಾಗಿ ಹೂಳಿ. ನೆಲವನ್ನು ಬ್ಲೀಚಿಂಗ್ ಪೌಡರ್ ನೀರಿನಿಂದ ಒರೆಸಿ. ಕೈ ಸಾಬೂನಿನಲ್ಲಿ ತೊಳೆಯಿರಿ.

ಆಮೇಲೆ ಬೆಕ್ಕಿನ ವಿಷಯ. ಅದಕ್ಕೆ ರೇಬೀಸ್ ಲಸಿಕೆ ಆಗಿದೆಯಾ? ನಮ್ಮ ಕಡೆ ನಾಯಿಗಾದರೂ ಹಾಕಿಸುತ್ತಾರೆ, ಬೆಕ್ಕಿಗೆ ಹಾಕಿಸುವವರು ತೀರಾ ಕಡಿಮೆ. ಲಸಿಕೆ ಆಗಿದ್ದರೂ ಆಗದಿದ್ದರೂ ಮೃಗಾಸ್ಪತ್ರೆಗೆ ಕರೆದುಕೊಂಡು ಹೋಗಿ, ಬಾವಲಿ ಹಿಡಿದಿತ್ತು ಅಂತ ಹೇಳಿ. ಬೆಕ್ಕು ಮಕ್ಕಳ ಹಾಸಿಗೆಯಲ್ಲೇ ಮಲಗುವ ಪ್ರಾಣಿ. ಹಾಗಾಗಿ ಬಾವಲಿ ಇರುವ ಊರಲ್ಲಿ ಬೆಕ್ಕಿನ ಲಸಿಕೆಯನ್ನು ನಾಯಿಯದ್ದರಷ್ಟೇ ಮುಖ್ಯ ಅಂತ ನಾನು ಎಣಿಸುತ್ತೇನೆ.

ರಾತ್ರಿ ಕೋಣೆಯೊಳಗೆ ಬಾವಲಿ ನುಗ್ಗಿದರೆ?

ಮೊದಲು ಫ್ಯಾನ್ ನಿಲ್ಲಿಸಿ. ಫ್ಯಾನಿಗೆ ಬಡಿದು ಗಾಯಗೊಂಡು ಹಾಸಿಗೆ ಮೇಲೆ ಬಿದ್ದ ಬಾವಲಿಯನ್ನು ಯಾರಾದರೂ ಗಾಬರಿಯಲ್ಲಿ ಕೈಯಿಂದ ಎಸೆಯುತ್ತಾರೆ, ಕಚ್ಚಿಸಿಕೊಳ್ಳುವುದು ಆಗಲೇ. ಒಳಗಿನ ಬಾಗಿಲು ಹಾಕಿ, ಹೊರಗಿನ ಕಿಟಕಿ, ಬಾಗಿಲು ತೆರೆಯಿರಿ. ಕೋಣೆಯ ದೀಪ ಆರಿಸಿ ಹೊರಗೆ ಬನ್ನಿ. ಸ್ವಲ್ಪ ಹೊತ್ತಿನಲ್ಲಿ ತಾನೇ ದಾರಿ ಹುಡುಕಿಕೊಂಡು ಹೋಗುತ್ತದೆ. ಪೊರಕೆಯಿಂದ ಹೊಡೆದರೆ ಅದು ದಿಕ್ಕೆಟ್ಟು ನಿಮ್ಮ ಮೇಲೇ ಬರುತ್ತದೆ.

ನೆಲಕ್ಕೆ ಬಿದ್ದು ಹಾರಲಾಗದೆ ಇದ್ದರೆ ಮೇಲಿಂದ ಬಕೆಟ್ ಕವುಚಿ ಹಾಕಿ, ಅಡಿಯಿಂದ ರಟ್ಟು ಮೆಲ್ಲಗೆ ತೂರಿಸಿ, ಹಾಗೇ ಎತ್ತಿ ಹೊರಗಿನ ಮರದ ಬುಡದಲ್ಲಿ ಇಡಿ. ಇದಕ್ಕೂ ಗ್ಲೌಸ್ ಬೇಕು. ನಾಯಿ, ಬೆಕ್ಕು ಅದರ ಹತ್ತಿರ ಹೋಗದಂತೆ ನೋಡಿಕೊಳ್ಳಿ.

ಮಲಗಿದ್ದ ಪುಟ್ಟ ಮಗುವಿನ ಹಾಸಿಗೆಯ ಮೇಲೆ ಬಾವಲಿ ಸಿಕ್ಕಿದರೆ ಮಗುವಿನ ಮೈಯನ್ನು ಬೆಳಕಿನಲ್ಲಿ ಪೂರ್ತಿ ನೋಡಿ. ಸಣ್ಣ ಬಾವಲಿಯ ಹಲ್ಲು ಸೂಜಿಯ ಹಾಗಿರುತ್ತದೆ, ಗುರುತು ಕಣ್ಣಿಗೆ ಬೀಳದೆಯೂ ಇರಬಹುದು. ಸಂಶಯವಿದ್ದರೆ ಡಾಕ್ಟರನ್ನು ಕೇಳಿ.

ಬಾವಲಿ ಕಚ್ಚಿದೆ ಅಥವಾ ಪರಚಿದೆ. ಇಂಜೆಕ್ಷನ್ ಬೇಕಾ?

ತೊಳೆಯುವುದು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಇಂಜೆಕ್ಷನ್ ವಿಷಯ ಡಾಕ್ಟರ್ ತೀರ್ಮಾನಿಸಲಿ. ವಿಶ್ವ ಆರೋಗ್ಯ ಸಂಸ್ಥೆ ಬಾವಲಿಯ ನೇರ ಸಂಪರ್ಕವನ್ನು ಅತಿ ಗಂಭೀರ ಗುಂಪಿನಲ್ಲಿ ಇಟ್ಟಿದೆ. ನಮ್ಮ ದೇಶದ ಮಾರ್ಗಸೂಚಿಗಳು, ಇಲ್ಲಿ ಬಾವಲಿ ರೇಬೀಸ್ ಸಾಬೀತಾಗಿಲ್ಲ ಎಂಬ ಕಾರಣಕ್ಕೆ, ಇದನ್ನು ಬೇರೆ ರೀತಿ ನೋಡುತ್ತಾ ಬಂದಿವೆ. ಹಾಗಾಗಿ ಒಬ್ಬ ಡಾಕ್ಟರ್ ಕೊಡೋಣ ಅನ್ನಬಹುದು, ಇನ್ನೊಬ್ಬರು ಬೇಡ ಅನ್ನಬಹುದು. ನಿಮ್ಮ ಕೆಲಸ ನಡೆದದ್ದನ್ನು ಸರಿಯಾಗಿ ಹೇಳುವುದು. ಯಾವ ಬಾವಲಿ, ಎಷ್ಟು ಹೊತ್ತಿಗೆ, ರಕ್ತ ಬಂತಾ, ಬಾವಲಿ ಹಗಲಲ್ಲಿ ನೆಲದಲ್ಲಿ ಬಿದ್ದಿತ್ತಾ, ಇದೆಲ್ಲ ಅವರಿಗೆ ಬೇಕು. ಹಗಲು ಹೊತ್ತಿನಲ್ಲಿ ನೆಲಕ್ಕೆ ಬಿದ್ದು ಒದ್ದಾಡುವ ಬಾವಲಿ ಆರೋಗ್ಯವಾಗಿಲ್ಲ ಅಂತಲೇ ಲೆಕ್ಕ.

ನನ್ನ ಮನೆಯವರಿಗೆ ಆಗಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗುತ್ತಿದ್ದೆ. ನಾಳೆ ನೋಡೋಣ ಅನ್ನುವ ಮಾತು ಈ ಕಾಯಿಲೆಯ ಹತ್ತಿರ ನಡೆಯುವುದಿಲ್ಲ.

ತೊಳೆಯುವುದು ಅಂದರೆ ಎಷ್ಟು? ಹೇಗೆ?

15 ನಿಮಿಷ. ನಲ್ಲಿ ಬಿಟ್ಟು, ಹರಿಯುವ ನೀರಿನಲ್ಲಿ, ಸಾಬೂನು ಹಾಕಿ. ಯಾವ ಸಾಬೂನಾದರೂ ಆಗುತ್ತದೆ, ಬಟ್ಟೆ ಒಗೆಯುವ ಬಾರ್ ಸಾಬೂನೂ ಆಗುತ್ತದೆ. ರೇಬೀಸ್ ವೈರಸ್ಸಿನ ಹೊರಪದರ ಕೊಬ್ಬಿನದು, ಸಾಬೂನು ಅದನ್ನು ಕರಗಿಸಿ ವೈರಸ್ಸನ್ನು ಕೊಲ್ಲುತ್ತದೆ. ಎರಡು ನಿಮಿಷಕ್ಕೆ ಸಾಕು ಅನ್ನಿಸುತ್ತದೆ, ಮಗು ಅಳುತ್ತದೆ, ಆಟೋ ಬಂದು ನಿಂತಿರುತ್ತದೆ. ಆದರೂ ಗಡಿಯಾರ ನೋಡಿಕೊಂಡು ತೊಳೆಯಿರಿ. ನಲ್ಲಿ ಇಲ್ಲದಿದ್ದರೆ ಒಬ್ಬರು ಚೊಂಬಿನಿಂದ ಸುರಿಯುತ್ತಾ ಇರಲಿ, ಇನ್ನೊಬ್ಬರು ತೊಳೆಯಲಿ. ಆಮೇಲೆ ಪೊವಿಡೋನ್ ಅಯೋಡಿನ್ ಇದ್ದರೆ ಹಚ್ಚಿ.

ಸುಣ್ಣ, ಅರಸಿನ, ಕಾಫಿಪುಡಿ, ಮೆಣಸಿನಪುಡಿ ಯಾವುದೂ ಬೇಡ. ಅವು ಗಾಯವನ್ನು ಕೆರಳಿಸುತ್ತವೆ, ವೈರಸ್ಸನ್ನು ಇನ್ನೂ ಒಳಗೆ ತಳ್ಳಬಹುದು. ಬಟ್ಟೆ ಬಿಗಿಯಾಗಿ ಕಟ್ಟಬೇಡಿ. ಹೊಲಿಗೆ ಹಾಕಿಸಲು ಅವಸರ ಮಾಡಬೇಡಿ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ? ಹೊಕ್ಕುಳ ಸುತ್ತ 14 ಇಂಜೆಕ್ಷನ್ ಇನ್ನೂ ಇದೆಯಾ?

ಇಲ್ಲ. ಅದು ಹಳೆಯ ಲಸಿಕೆ, ಭಾರತದಲ್ಲಿ ಅದರ ತಯಾರಿಕೆ 2004ರಲ್ಲೇ ನಿಂತಿತು. ಈಗ ಕೈಗೆ ಕೊಡುತ್ತಾರೆ. ಚರ್ಮದೊಳಗೆ ಕೊಡುವ ಲಸಿಕೆಗೆ ಕೇರಳದ ಸರ್ಕಾರಿ ಆಸ್ಪತ್ರೆಗಳಲ್ಲಿ ಐಡಿಆರ್‌ವಿ ಅನ್ನುತ್ತಾರೆ. ಎರಡೂ ತೋಳಿಗೆ 0.1 ಮಿಲಿಯಂತೆ, ಮೊದಲ ದಿನ, ಆಮೇಲೆ 3, 7, 28ನೇ ದಿನ. ಮೊದಲ ದಿನವನ್ನು ಸೊನ್ನೆ ಅಂತ ಎಣಿಸಬೇಕು. ಸ್ನಾಯುವಿಗೆ ಕೊಡುವುದಾದರೆ 0, 3, 7, 14, 28.

ಬಾವಲಿಯ ಮಾತು ಆಗಲೇ ಹೇಳಿದೆ; ನಾಯಿ, ಬೆಕ್ಕಿನಂಥ ಪ್ರಾಣಿಗಳ ಮಟ್ಟಿಗೆ ಗಾಯ ಮೂರು ತರಹ. ಸುಮ್ನೆ ಮುಟ್ಟಿದ್ದು, ಒಡೆಯದ ಚರ್ಮವನ್ನು ನೆಕ್ಕಿದ್ದು ಮೊದಲನೆಯದು, ಅದಕ್ಕೆ ತೊಳೆದರೆ ಸಾಕು. ರಕ್ತ ಬಾರದ ಸಣ್ಣ ಪರಚುಗಾಯಕ್ಕೆ ಲಸಿಕೆ ಬೇಕು. ರಕ್ತ ಬಂದರೆ, ಗಾಯದ ಮೇಲೆ ಅಥವಾ ಕಣ್ಣು ಬಾಯಿಗೆ ಜೊಲ್ಲು ತಾಗಿದರೆ ಲಸಿಕೆಯ ಜೊತೆಗೆ ಸೀರಮ್ಮೂ ಬೇಕು. ಸೀರಮ್ ಅಂದರೆ ವೈರಸ್ಸನ್ನು ತಡೆಯುವ ಸಿದ್ಧ ಪ್ರತಿಕಾಯಗಳಿರುವ ಮದ್ದು, ಇದನ್ನು ಗಾಯದ ಒಳಗೇ, ಅದರ ಸುತ್ತಲೂ ಚುಚ್ಚುತ್ತಾರೆ. ನೋವಾಗುತ್ತದೆ, ನಿಜ. ಆದರೆ ಲಸಿಕೆ ಮೈಯಲ್ಲಿ ಶಕ್ತಿ ಹುಟ್ಟಿಸಲು ಒಂದು ವಾರವಾದರೂ ಬೇಕು. ಅಷ್ಟರವರೆಗೆ ಗಾಯದ ಬಾಯಲ್ಲಿ ಕಾವಲು ನಿಲ್ಲುವುದು ಸೀರಮ್ಮೇ.

ಬಸುರಿಯರು, ಬಾಣಂತಿಯರು, ಎಳೆ ಮಕ್ಕಳು, ಎಲ್ಲರೂ ತೆಗೆದುಕೊಳ್ಳಬಹುದು. ಪಥ್ಯ ಏನೂ ಇಲ್ಲ, ಮೀನು ತಿನ್ನಿ.

ಲಸಿಕೆ ಹಾಕಿಸಿದರೂ ಮಕ್ಕಳು ತೀರಿಹೋದರಲ್ಲ?

2025ರಲ್ಲಿ ಕೇರಳದಲ್ಲಿ ಅಂಥ ಸುದ್ದಿ ಬಂದಾಗ ನಮ್ಮ ಕಡೆಯ ತಾಯಂದಿರೆಲ್ಲ ನಡುಗಿದರು. ಅದರ ಹಿಂದಿನ ಕಾರಣ ಅರ್ಥ ಮಾಡಿಕೊಳ್ಳಬೇಕು. ವೈರಸ್ ನರದ ದಾರಿಯಲ್ಲಿ ಮಿದುಳಿಗೆ ನಡೆಯುತ್ತದೆ. ಕಾಲಿಗೆ ಕಚ್ಚಿದರೆ ದಾರಿ ಉದ್ದ. ತಲೆ, ಮುಖ, ಕುತ್ತಿಗೆಗೆ ಕಚ್ಚಿದರೆ ದಾರಿ ಗಿಡ್ಡ. ಬೆರಳ ತುದಿಯಲ್ಲಿ ನರಗಳು ಜಾಸ್ತಿ ಇರುವುದರಿಂದ ಅಲ್ಲೂ ಅಪಾಯ ಹೆಚ್ಚು. ಚಿಕ್ಕ ಮಕ್ಕಳ ಎತ್ತರ ನಾಯಿಯ ಬಾಯಿಯ ಮಟ್ಟಕ್ಕೇ ಇರುತ್ತದೆ, ಅವರಿಗೆ ಕಚ್ಚುವುದು ಮುಖಕ್ಕೇ ಹೆಚ್ಚು. ಅಂಥ ಕಡೆ ಲಸಿಕೆ ಕೆಲಸ ಶುರು ಮಾಡುವ ಮೊದಲೇ ವೈರಸ್ ನರ ಸೇರಿಬಿಡಬಹುದು.

ಹಾಗಾದರೆ ಲಸಿಕೆ ವ್ಯರ್ಥವಾ? ಖಂಡಿತ ಅಲ್ಲ. ತೊಳೆಯುವುದು, ಸೀರಮ್, ಲಸಿಕೆ ಮೂರೂ ಸರಿಯಾಗಿ, ಹೊತ್ತು ಮೀರದೆ ಆದರೆ ಜೀವ ಉಳಿಯುತ್ತದೆ. ಕಾಯಿಲೆ ಕಾಣಿಸಿಕೊಂಡ ಮೇಲೆ, ನೀರು ಕಂಡರೆ, ಗಾಳಿ ತಾಗಿದರೆ ಬೆಚ್ಚಿಬೀಳುವ ಹಂತ ಬಂದ ಮೇಲೆ ಉಳಿಸುವ ಮದ್ದು ಇಲ್ಲ. ಕಚ್ಚಿ ಒಂದರಿಂದ ಮೂರು ತಿಂಗಳೊಳಗೆ ಕಾಣಿಸಿಕೊಳ್ಳುವುದು ಸಾಮಾನ್ಯ, ವರ್ಷ ದಾಟಿಯೂ ಬಂದದ್ದಿದೆ. ಅದಕ್ಕೇ ಕಚ್ಚಿ ಹತ್ತಿಪ್ಪತ್ತು ದಿನ ಕಳೆದಿದ್ದರೂ ಹೋಗಿ. ತಡವಾಯಿತು ಅಂತ ಬಿಡಬೇಡಿ.

ಬಾವಲಿಯ ಹಿಕ್ಕೆ, ಚೀಪಿ ಬಿಸಾಡಿದ ಹಣ್ಣು, ಅಡಿಕೆ, ಇವುಗಳಿಂದ?

ರೇಬೀಸ್ ಬರುವುದಿಲ್ಲ. ಅದು ಜೊಲ್ಲಿನಿಂದ, ಕಚ್ಚಿದ ಗಾಯದ ಮೂಲಕ ಬರುವ ಕಾಯಿಲೆ. ಹಿಕ್ಕೆ, ಮೂತ್ರದಿಂದ ಬರುವುದಿಲ್ಲ.

ನಿಪಾ ಬೇರೆ ಲೆಕ್ಕ. ಅದು ಬಾವಲಿಯ ಜೊಲ್ಲು, ಮೂತ್ರ ತಾಗಿದ ಹಣ್ಣಿನಿಂದ, ತೆರೆದಿಟ್ಟ ಮಡಕೆಯ ಕಳ್ಳಿನಿಂದಲೂ ಬರಬಹುದು. ಪೇರಳೆ, ಗೇರುಹಣ್ಣು, ಚಿಕ್ಕು, ಮಾವಿನಲ್ಲಿ ಕಚ್ಚಿದ ಗುರುತು ಕಂಡರೆ ಆ ಭಾಗ ಮಾತ್ರ ಕತ್ತರಿಸಿ ತಿನ್ನುವ ಅಭ್ಯಾಸ ಬಿಡಿ, ಇಡೀ ಹಣ್ಣೇ ಬಿಸಾಡಿ. ದನಕ್ಕೂ ಹಾಕಬೇಡಿ. ಬಾವಲಿ ಚೀಪಿ ಬೀಳಿಸಿದ ಅಡಿಕೆ ಹೆಕ್ಕುವುದು ನಮ್ಮಲ್ಲಿ ಮಕ್ಕಳಿಗೆ ಒಂದು ಸಂಪಾದನೆ. ಹೆಕ್ಕುವವರು ಗ್ಲೌಸ್ ಹಾಕಲಿ, ಆಮೇಲೆ ಸಾಬೂನಿನಲ್ಲಿ ಕೈ ತೊಳೆಯಲಿ, ನಡುವೆ ಬಾಯಿಗೆ ಕೈ ಹಾಕದಿರಲಿ.

ಅಟ್ಟದಲ್ಲಿ ಹಿಕ್ಕೆ ರಾಶಿ ಬಿದ್ದಿದ್ದರೆ ಒಣ ಹಿಡಿಸೂಡಿಯಿಂದ ಗುಡಿಸಬೇಡಿ. ಆ ಧೂಳಿನಲ್ಲಿ ಶ್ವಾಸಕೋಶಕ್ಕೆ ತೊಂದರೆ ಕೊಡುವ ಶಿಲೀಂಧ್ರ ಇರಬಹುದು. ನೀರು ಚಿಮುಕಿಸಿ, ಮಾಸ್ಕ್ ಹಾಕಿ, ಆಮೇಲೆ ತೆಗೆಯಿರಿ.

ಸುರಂಗದಲ್ಲಿ ಬಾವಲಿ ತುಂಬಿವೆ. ಒಳಗೆ ಹೋಗಬಹುದಾ? ನೀರು ಕುಡಿಯಬಹುದಾ?

ನೀರಿನಿಂದ ರೇಬೀಸ್ ಬರುವುದಿಲ್ಲ. ಆದರೆ ಹಿಕ್ಕೆ ಬೀಳುವ ನೀರು ಹೊಟ್ಟೆ ಕೆಡಿಸುತ್ತದೆ, ಕುದಿಸಿಯೇ ಕುಡಿಯಿರಿ. ಮಣ್ಣು ತೆಗೆಯಲು ಒಳಗೆ ಇಳಿಯುವವರು ತುಂಬುತೋಳಿನ ಅಂಗಿ, ಟೊಪ್ಪಿ, ಗ್ಲೌಸ್, ಮಾಸ್ಕ್ ಹಾಕಿಕೊಳ್ಳಿ. ಬಗ್ಗಿ ತೆವಳುವ ಜಾಗದಲ್ಲಿ ಬಾವಲಿಗಳು ಗಾಬರಿಯಾಗಿ ಮುಖಕ್ಕೇ ಬಂದು ಬಡಿಯುತ್ತವೆ. ಸಂಜೆ ಅವು ಹೊರಗೆ ಹೋದ ಮೇಲೆ ಕೆಲಸ ಮಾಡುವುದು ಒಳ್ಳೆಯದು. ಪದೇ ಪದೇ ಇಳಿಯುವ ಕೆಲಸಗಾರರು ಕಚ್ಚುವ ಮೊದಲೇ ಹಾಕಿಸಿಕೊಳ್ಳುವ ಲಸಿಕೆಯ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ. ಅದನ್ನು ಮೊದಲೇ ಹಾಕಿಸಿಕೊಂಡವರಿಗೆ ಮುಂದೆ ಯಾವ ಪ್ರಾಣಿ ಕಚ್ಚಿದರೂ 0 ಮತ್ತು 3ನೇ ದಿನದ ಎರಡು ಡೋಸ್ ಸಾಕು, ಸೀರಮ್ ಬೇಡ.

ಬಾವಲಿಗಳನ್ನು ಓಡಿಸಿಬಿಟ್ಟರೆ ಆಗುವುದಿಲ್ಲವಾ?

ಮರದಿಂದ ಓಡಿಸಬೇಡಿ. ಪಟಾಕಿ ಹೊಡೆದರೆ ಅವು ಗಾಬರಿಗೊಂಡು ಊರೆಲ್ಲ ಚದುರುತ್ತವೆ, ಗಾಯಗೊಂಡವು ಅಂಗಳಕ್ಕೆ ಬೀಳುತ್ತವೆ, ನಾಯಿ ಬೆಕ್ಕು ಹಿಡಿಯುತ್ತವೆ. ದೂರ ಇಡಬೇಕಾದ್ದನ್ನು ನಾವೇ ಹತ್ತಿರ ಮಾಡಿಕೊಂಡ ಹಾಗೆ. ಸಣ್ಣ ಬಾವಲಿಗಳು ರಾತ್ರಿಯಿಡೀ ಸೊಳ್ಳೆ, ಹುಳು ತಿನ್ನುತ್ತವೆ. ದೊಡ್ಡವು ಬೀಜ ಹರಡುತ್ತವೆ, ಹೂವಿಗೆ ಪರಾಗ ಮುಟ್ಟಿಸುತ್ತವೆ. ಹಣ್ಣು ತಿನ್ನುವ ಬಾವಲಿಯನ್ನು ವನ್ಯಜೀವಿ ಕಾನೂನು ಹಿಂದೆ ಪೀಡೆ ಪ್ರಾಣಿಗಳ ಪಟ್ಟಿಯಲ್ಲಿ ಇಟ್ಟಿತ್ತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಿದರು. ನನಗೆ ಅದು ತುಂಬಾ ಸರಿ ಅನ್ನಿಸಿತು.

ಮನೆಯೊಳಗಿನ ಮಾತು ಬೇರೆ, ಅಲ್ಲಿ ತಡೆಯಲೇಬೇಕು. ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸುವಾಗ ಎಲ್ಲೆಲ್ಲಿ ಸಂದಿ ಇದೆ ಅಂತ ಗುರುತು ಮಾಡಿಕೊಳ್ಳಿ. ಬೆರಳು ತೂರುವಷ್ಟು ಸಂದಿ ಅದಕ್ಕೆ ಸಾಕು. ಮುಸ್ಸಂಜೆಗೆ ಅಂಗಳದಲ್ಲಿ ನಿಂತು ಎಲ್ಲಿಂದ ಹೊರಡುತ್ತವೆ ಅಂತ ನೋಡಿ. ಆ ಸಂದಿಯ ಮೇಲೆ ಬಲೆಯ ತುಂಡನ್ನು ಮೇಲ್ಭಾಗ ಮಾತ್ರ ಬಿಗಿದು, ಕೆಳಗೆ ಸಡಿಲ ಬಿಡಿ. ಒಳಗಿದ್ದವು ಜಾರಿ ಹೊರಗೆ ಹೋಗುತ್ತವೆ, ಹಿಂದೆ ಬರಲು ಆಗುವುದಿಲ್ಲ. ಎಲ್ಲವೂ ಹೋದ ಮೇಲೆ ಮುಚ್ಚಿ. ಒಳಗಿಂದ ಮರಿಗಳ ಚಿಯ್‌ಗುಟ್ಟುವ ಸದ್ದು ಬರುತ್ತಿದ್ದರೆ ಅವು ಹಾರುವವರೆಗೆ ಕಾಯಿರಿ. ಇಲ್ಲದಿದ್ದರೆ ಮರಿಗಳು ಒಳಗೇ ಸತ್ತು ನಾರುತ್ತವೆ, ತಾಯಿ ಬಾವಲಿ ಕೋಣೆಗೆ ನುಗ್ಗುತ್ತದೆ.

ನಾಯಿಗೆ ಯಾವಾಗ ಹಾಕಿಸಬೇಕು? ಕಟ್ಟಿ ಹಾಕಿದ ನಾಯಿಗೂ ಬೇಕಾ?

ಮೂರು ತಿಂಗಳಿಗೆ ಮೊದಲ ಲಸಿಕೆ, ಆಮೇಲೆ ಡಾಕ್ಟರ್ ಹೇಳಿದಾಗ ಬೂಸ್ಟರ್, ಮುಂದೆ ವರ್ಷ ವರ್ಷ. ಕಟ್ಟಿದ ನಾಯಿಗೂ ಬೇಕು. ಕಟ್ಟಿದ್ದರೆ ಹುಚ್ಚು ನಾಯಿ ಬಂದಾಗ ಅದಕ್ಕೆ ಓಡಿ ತಪ್ಪಿಸಿಕೊಳ್ಳಲೂ ಆಗುವುದಿಲ್ಲ. ಪಂಚಾಯತಿನ ಲೈಸೆನ್ಸಿಗೂ ಲಸಿಕೆಯ ಕಾಗದ ಬೇಕು. ಊರಿನ ನಾಯಿಗಳಲ್ಲಿ 70 ಶೇಕಡದಷ್ಟಕ್ಕೆ ಲಸಿಕೆ ಆದರೆ ಕಾಯಿಲೆಯ ಸರಪಳಿ ಕಡಿಯುತ್ತದೆ ಅಂತ ಲೆಕ್ಕ. ಗೋವಾದಲ್ಲಿ ಹೀಗೇ ನಾಯಿಗಳಿಗೆ ಸಾಲಾಗಿ ಲಸಿಕೆ ಕೊಟ್ಟರು. 2021ರಲ್ಲಿ ಆ ರಾಜ್ಯ ರೇಬೀಸ್ ಹತೋಟಿಗೆ ಬಂದಿದೆ ಅಂತ ಘೋಷಿಸಿತು. ಕೊಂಕಣ ಕರಾವಳಿಯಲ್ಲಿ ಆದದ್ದು ನಮ್ಮಲ್ಲಿ ಯಾಕೆ ಆಗಬಾರದು?

ಮನೆನಾಯಿಯನ್ನು ಬೇರೆ ನಾಯಿ ಕಚ್ಚಿದರೆ ಅದರ ಗಾಯವನ್ನೂ ಸಾಬೂನಿನಲ್ಲಿ ತೊಳೆಯಿರಿ, ಗ್ಲೌಸ್ ಹಾಕಿ. ಅದೇ ದಿನ ಮೃಗವೈದ್ಯರ ಹತ್ತಿರ ಹೋಗಿ, ಕಚ್ಚಿದ ಮೇಲೆ ಕೊಡುವ ಲಸಿಕೆ ಇದೆ.

ಕಚ್ಚಿದ ನಾಯಿಯನ್ನು ಹತ್ತು ದಿನ ನೋಡಿ ಆಮೇಲೆ ಇಂಜೆಕ್ಷನ್ ತೆಗೆದುಕೊಂಡರೆ ಸಾಲದಾ?

ಸಾಲದು. ಇಂಜೆಕ್ಷನ್ ಶುರು ಮಾಡಿಯೇ ನೋಡಬೇಕು. ನಾಯಿ, ಬೆಕ್ಕು ಹತ್ತು ದಿನ ಆರೋಗ್ಯವಾಗಿ ಬದುಕಿದ್ದರೆ ಮುಂದಿನದ್ದನ್ನು ಡಾಕ್ಟರ್ ಹೇಳುತ್ತಾರೆ. ಈ ಹತ್ತು ದಿನದ ಲೆಕ್ಕ ನಾಯಿ ಬೆಕ್ಕಿಗೆ ಮಾತ್ರ. ನರಿ, ಮುಂಗುಸಿ, ಬಾವಲಿಗೆ ಅನ್ವಯಿಸುವುದಿಲ್ಲ.

ಹಟ್ಟಿಯ ದನಕ್ಕೂ ಬರುತ್ತದಾ?

ಬರುತ್ತದೆ, ಮತ್ತು ನಮ್ಮ ಕಡೆ ಜನ ಮೋಸ ಹೋಗುವುದು ಇಲ್ಲೇ. ದನ ಹುಲ್ಲು ಮುಟ್ಟುವುದಿಲ್ಲ, ಬಾಯಿಂದ ಜೊಲ್ಲು ಹಗ್ಗದ ಹಾಗೆ ಇಳಿಯುತ್ತದೆ, ಗಂಟಲು ಒಡೆದ ಸ್ವರದಲ್ಲಿ ಕೂಗುತ್ತಾ ಇರುತ್ತದೆ. ಗಂಟಲಲ್ಲಿ ಮಾವಿನ ಗೊರಟೋ ಹಲಸಿನ ಬೇಳೆಯೋ ಸಿಕ್ಕಿದೆ ಅಂತ ಮನೆಯವರು ಬಾಯೊಳಗೆ ಕೈ ಹಾಕಿ ತಡಕುತ್ತಾರೆ. ಅಡಿಕೆ ಸುಲಿದು ಗೀರು ಬಿದ್ದ ಕೈ ಅದು. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಮೃಗವೈದ್ಯರನ್ನು ಕರೆಸಿ. ಈಗಾಗಲೇ ಕೈ ಹಾಕಿದ್ದರೆ ತೊಳೆದುಕೊಂಡು ಆಸ್ಪತ್ರೆಗೆ ಹೋಗಿ. ಸಂಶಯವಿರುವ ದನದ ಹಾಲು ಕರೆಯಬೇಡಿ, ಕರುವನ್ನು ಬೇರೆ ಕಟ್ಟಿ. ಗೊತ್ತಾಗುವ ಮೊದಲು ಕುದಿಸಿದ ಹಾಲು ಕುಡಿದಿದ್ದರೆ ಹೆದರಬೇಕಾಗಿಲ್ಲ. ಹಸಿ ಹಾಲು ಕುಡಿದಿದ್ದರೆ ಡಾಕ್ಟರಿಗೆ ಹೇಳಿ.

ವಿಷವೈದ್ಯರ ಹತ್ತಿರ ಹೋಗಬಹುದಾ?

ನಮ್ಮ ಊರುಗಳಲ್ಲಿ ವಿಷವೈದ್ಯರ ಮೇಲೆ ಜನರಿಗೆ ಗೌರವ ಇದೆ, ನನಗೂ ಇದೆ. ಆದರೆ ರೇಬೀಸಿಗೆ ನಾಟಿ ಮದ್ದು ಇಲ್ಲ. ಹುಚ್ಚು ಹಿಡಿಯದ ನಾಯಿ ಕಚ್ಚಿದವರೆಲ್ಲ ಮದ್ದಿನಿಂದ ಉಳಿದಂತೆ ಕಾಣುತ್ತಾರೆ. ಹುಚ್ಚು ಹಿಡಿದದ್ದು ಕಚ್ಚಿದವರಿಗೆ ಆ ಮದ್ದಿನಲ್ಲಿ ಬರೀ ದಿನ ಕಳೆದುಹೋಗುತ್ತದೆ.

ಮಕ್ಕಳಿಗೆ ಏನು ಹೇಳಿಕೊಡಬೇಕು?

ನೆಲಕ್ಕೆ ಬಿದ್ದ ಬಾವಲಿ ಮರಿಯನ್ನು ಪಾಪ ಅಂತ ಎತ್ತಬಾರದು, ದೊಡ್ಡವರನ್ನು ಕರೆಯಬೇಕು. ಯಾವ ಪ್ರಾಣಿ ಪರಚಿದರೂ ಬಂದು ಹೇಳಬೇಕು. ಮಕ್ಕಳು ಮುಚ್ಚಿಡುವುದು ಬೈಗುಳಕ್ಕೆ ಹೆದರಿ. ಆಡಬೇಡ ಅಂದ ನಾಯಿಮರಿ ಜೊತೆ ಆಡಿ ಪರಚಿಸಿಕೊಂಡು ಬಂದ ಮಗುವಿಗೆ ಆ ಹೊತ್ತಿನಲ್ಲಿ ಬೈಯಬೇಡಿ. ಹೇಳಿದ್ದು ಒಳ್ಳೆಯದಾಯಿತು ಅಂತ ಬೆನ್ನು ತಟ್ಟಿ ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ.

ಕಾಸರಗೋಡಿನಲ್ಲಿ ಶುರು ಮಾಡಿದ ಇಂಜೆಕ್ಷನ್ ಮಂಗಳೂರಿನಲ್ಲಿ ಮುಗಿಸಬಹುದಾ? ಯಾರನ್ನು ಕೇಳುವುದು?

ಮುಗಿಸಬಹುದು. ಓದಲು, ಕೆಲಸಕ್ಕೆ ತಲಪಾಡಿ ದಾಟಿ ಹೋಗುವವರು ಎಷ್ಟು ಜನ ಇಲ್ಲ? ಲಸಿಕೆಯ ಚೀಟಿ ಜೊತೆಗಿರಲಿ, ಮೊಬೈಲಿನಲ್ಲಿ ಅದರ ಫೋಟೊ ಇರಲಿ. ಚರ್ಮಕ್ಕೆ ಕೊಟ್ಟದ್ದಾ, ಸ್ನಾಯುವಿಗೆ ಕೊಟ್ಟದ್ದಾ ಅಂತ ಬರೆಸಿಕೊಳ್ಳಿ, ಆದಷ್ಟು ಅದೇ ಕ್ರಮದಲ್ಲಿ ಮುಂದುವರಿಸಿ. ಒಂದು ಡೋಸ್ ತಪ್ಪಿದರೆ ಸಿಕ್ಕಿದ ದಿನ ಹೋಗಿ ಕೇಳಿ. ಸೀರಮ್ ಎಲ್ಲ ಸಣ್ಣ ಆಸ್ಪತ್ರೆಗಳಲ್ಲಿ ಇರುವುದಿಲ್ಲ, ಹೊರಡುವ ಮೊದಲು ಫೋನ್ ಮಾಡಿ. ಮೊದಲ ದಿನ ಸೀರಮ್ ಸಿಗದಿದ್ದರೆ ಲಸಿಕೆಯಾದರೂ ಶುರುವಾಗಲಿ, ಆ ದಿನದಿಂದ ಏಳು ದಿನದೊಳಗೆ ಸೀರಮ್ ಕೊಡಬಹುದು.

ಕೇರಳದ ಆರೋಗ್ಯ ಸಹಾಯವಾಣಿ ದಿಶಾ, ನಂಬರ್ 1056. ಮಲಯಾಳ ಸರಿಯಾಗಿ ಬಾರದ ಹಿರಿಯರು ಒಬ್ಬರೇ ಆಸ್ಪತ್ರೆಗೆ ಹೋಗುವುದಾದರೆ ಒಂದು ಚೀಟಿಯಲ್ಲಿ ಯಾವ ಪ್ರಾಣಿ, ಎಂದು, ಎಷ್ಟು ಹೊತ್ತಿಗೆ, ಮೈಯ ಯಾವ ಭಾಗಕ್ಕೆ, ರಕ್ತ ಬಂತೋ ಇಲ್ಲವೋ ಅಂತ ಬರೆದು ಕೊಟ್ಟು ಕಳಿಸಿ. ಪಕ್ಕದ ಮನೆಯಲ್ಲಿ ಮಲಯಾಳ ಬರೆಯಲು ಬರುವ ಶಾಲೆ ಮಕ್ಕಳು ಇದ್ದೇ ಇರುತ್ತಾರೆ.